ಜಾಲತಾಣವೂ ಊರ ಕಣ್ಣೂ

ಹದಿಹರೆಯದವರ ಮನಸ್ಸು ಮೊಬೈಲಿನಿಂದ ಕೆಟ್ಟಿತು ಎಂಬ ಮಾತನ್ನು ಕೇಳದ ದಿನವೇ ಈಚೆಗೆ ಇಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೆ ಬಂದ ಅತಿಥಿಗಳು ಹೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತವರು ಹೇಳುತ್ತಾರೆ. ಹೇಳುತ್ತಿರುವಾಗಲೇ ಅವರಲ್ಲಿ ಕೆಲವರು ತಮ್ಮ ಕಿಸೆಯಿಂದ ಅದನ್ನೇ ತೆಗೆದು ಒಮ್ಮೆ ನೋಡಿ ಮತ್ತೆ ಇಡುವುದೂ ಉಂಟು. ಮಾತು ಸುಳ್ಳೆಂದು ನಾನು ಹೇಳಲಾರೆ. ಆದರೆ ಅದು ಅರ್ಧ ಮಾತು. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳ ಹುಡುಗ ಹುಡುಗಿಯರ ನಡುವೆ ಬೆಳೆದು, ದಿನವೂ ಅವರೊಡನೆ ರೈಲಿನಲ್ಲೂ ಬಸ್ಸಿನಲ್ಲೂ ಓಡಾಡುವ ನನಗೆ ಉಳಿದ ಅರ್ಧವನ್ನು ಬರೆಯಬೇಕೆನಿಸಿದೆ. ಅಧ್ಯಾಪಕ ವರ್ಗದವರೂ ಸಹಪಾಠಿಗಳೂ ತಾಳ್ಮೆಯಿಂದ ಓದಬೇಕಾಗಿ ಬೇಡುತ್ತೇನೆ.

ಮೊದಲು ಈ ಯಂತ್ರ ನಮ್ಮ ಮನೆಗಳನ್ನು ಹೊಕ್ಕ ಬಗೆಯನ್ನು ನೆನೆಯೋಣ. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪನಿಯವರು ಸೇವೆ ಆರಂಭಿಸಿದ ಮೇಲೆ ಇಂಟರ್‌ನೆಟ್ಟಿನ ಬೆಲೆ ಕುಸಿಯಿತು. ಅಣ್ಣಂದಿರ ಕೈಗೆ ಫೋನು ಬಂತು. ಹೆಣ್ಣುಮಕ್ಕಳ ಕೈಗೂ ಕೂಲಿನಾಲಿಯವರ ಮನೆಗೂ ಅದು ಬಂದದ್ದು ಬಹುಮಟ್ಟಿಗೆ ೨೦೨೦ರ ನಂತರ. ಆ ವರ್ಷ ಮಾರ್ಚಿ ತಿಂಗಳಲ್ಲಿ ಶಾಲೆಗಳು ಮುಚ್ಚಿ, ಪಾಠವೆಲ್ಲ ಫೋನಿನಲ್ಲೇ ಎಂದಾದಾಗ, ಈರುಳ್ಳಿ ಮಾರಿದ ಹಣದಲ್ಲಿ ಕೆಲವರು, ಸಂಘದಲ್ಲಿ ಸಾಲ ಎತ್ತಿ ಕೆಲವರು, ಕುರಿಮರಿ ಮಾರಿ ಕೆಲವರು ತಂದುಕೊಟ್ಟರು. ತಾವು ಓದದ ತಂದೆತಾಯಿಗಳು ಮಕ್ಕಳ ಓದು ನಿಲ್ಲಬಾರದೆಂದು ತಂದ ವಸ್ತು ಅದು. ‘ಮಕ್ಕಳ ಕೈಗೆ ಫೋನು ಕೊಟ್ಟು ಕೆಡಿಸಿದಿರಿ’ ಎಂದು ಅವರನ್ನು ಆಕ್ಷೇಪಿಸುವವರು ಇದನ್ನು ಮರೆಯಬಾರದು. ೨೦೨೧ರ ಜುಲೈ ೧೯ ಮತ್ತು ೨೨, ಹೀಗೆ ಎರಡೇ ದಿನಗಳಲ್ಲಿ ಸರಿಯುತ್ತರಕ್ಕೆ ಗುರುತು ಹಾಕಿ ಎಸ್.ಎಸ್.ಎಲ್.ಸಿ. ಮುಗಿಸಿದ ತಂಡ ನಮ್ಮದು. ಗೆಳೆತನ ಕುದುರುವ ವಯಸ್ಸಿನಲ್ಲಿ ಗೆಳತಿಯರ ಮುಖವನ್ನು ಅಂಗೈಯಗಲದ ಗಾಜಿನಲ್ಲಿ ಕಂಡವರು ನಾವು. ಪಾಠಕ್ಕೆಂದು ಬಂದದ್ದು ಪಾಠ ಮುಗಿದ ಮೇಲೆ ಹಿಂದಿರುಗಲಿಲ್ಲ.

ಈಗಿನ ಸ್ಥಿತಿಯನ್ನು ೨೦೨೪ರ ‘ಅಸರ್’ ಸಮೀಕ್ಷೆ ಹೇಳುತ್ತದೆ. ಗ್ರಾಮಾಂತರ ಭಾರತದ ಹದಿನಾಲ್ಕರಿಂದ ಹದಿನಾರು ವಯಸ್ಸಿನವರಲ್ಲಿ, ಹಿಂದಿನ ಒಂದು ವಾರದಲ್ಲಿ ಓದಿನ ಕೆಲಸಕ್ಕಾಗಿ ಸ್ಮಾರ್ಟ್‌ಫೋನ್ ಬಳಸಿದವರು ನೂರಕ್ಕೆ ೫೭ ಮಂದಿ. ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ೭೬ ಮಂದಿ. ಫೋನು ಬಳಸಬಲ್ಲ ಹುಡುಗರಲ್ಲಿ ನೂರಕ್ಕೆ ೩೬ ಮಂದಿಗೆ ಸ್ವಂತದ್ದಿದ್ದರೆ ಹುಡುಗಿಯರಲ್ಲಿ ೨೭ ಮಂದಿಗೆ ಮಾತ್ರ. ಈ ಕೊನೆಯ ಅಂಕೆಯನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಪಂಡಿತರ ಅಭಿಪ್ರಾಯ. ಇಲ್ಲಿ ಎರಡು ಪಕ್ಷಗಳಿವೆ. ಅಮೆರಿಕ ದೇಶದ ಜನರಿಗೆ ಆರೋಗ್ಯದ ವಿಷಯದಲ್ಲಿ ಎಚ್ಚರಿಕೆ ಹೇಳುವ ಹಿರಿಯ ಅಧಿಕಾರಿಗೆ ಸರ್ಜನ್ ಜನರಲ್ ಎಂದು ಹೆಸರು. ಆ ಪದವಿಯಲ್ಲಿದ್ದ ಡಾ. ವಿವೇಕ್ ಮೂರ್ತಿಯವರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಮನೆತನದವರು. ದಿನಕ್ಕೆ ಮೂರು ಗಂಟೆಗೆ ಮಿಕ್ಕಿ ಜಾಲತಾಣದಲ್ಲಿರುವ ಮಕ್ಕಳಲ್ಲಿ ಖಿನ್ನತೆ, ಆತಂಕಗಳ ಲಕ್ಷಣ ತೋರುವ ಅಪಾಯ ಇಮ್ಮಡಿ ಎಂದು ಅವರು ೨೦೨೩ರ ಮೇ ತಿಂಗಳಲ್ಲಿ ಎಚ್ಚರಿಸಿದರು. ಸಿಗರೇಟಿನ ಪ್ಯಾಕಿನ ಮೇಲಿರುವಂಥ ಎಚ್ಚರಿಕೆಯ ಮಾತು ಜಾಲತಾಣಗಳ ಮೇಲೂ ಇರಬೇಕೆಂದು ಮರುವರ್ಷ ಹೇಳಿದರು. ಒಂಟಿಯಾದ ಮಕ್ಕಳಿಗೆ ಅದೇ ತಾಣ ಆಸರೆಯಾಗುವುದೂ ಉಂಟೆಂದು ಅವರ ೨೦೨೩ರ ಪ್ರಕಟಣೆಯಲ್ಲೇ ಇದೆ. ಭಾಷಣಕಾರರು ಅದನ್ನು ಎತ್ತಿ ಆಡುವುದು ಕಡಮೆ.

ಎರಡನೆಯ ಪಕ್ಷದವರು ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್ಸ್ಕಿ ಎಂಬ ಸಂಶೋಧಕರು. ಇವರು ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಉತ್ತರಗಳನ್ನು ಜಾಲಾಡಿ ೨೦೧೯ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಫೋನು ಮೊದಲಾದವುಗಳ ಬಳಕೆಗೂ ಮನಸ್ಸಿನ ನೆಮ್ಮದಿಗೂ ಇರುವ ನಂಟು ಬಹಳ ತೆಳುವು. ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಇರುವ ನಂಟು ಹೆಚ್ಚುಕಡಮೆ ಅಷ್ಟೇ ಇದೆಯಂತೆ! ಆಲೂಗಡ್ಡೆ ಬೆಳೆಯುವ ಸೀಮೆಯವರಾದ ನಮಗೆ ನಗು ಬರುವುದು ಸಹಜ. ಅದರ ನೆಮ್ಮದಿ ತಿನ್ನುವುದರಲ್ಲಿಲ್ಲ, ಧಾರಣೆಯಲ್ಲಿದೆ ಎಂದು ಆ ವಿದ್ವಾಂಸರಿಗೆ ಯಾರಾದರೂ ಬರೆದು ತಿಳಿಸಬೇಕು.

ಅದಿರಲಿ. ಈ ಎರಡು ಲೆಕ್ಕಗಳೂ ಲಕ್ಷಗಟ್ಟಲೆ ಮಕ್ಕಳನ್ನು ಒಟ್ಟು ಹಾಕಿ ತೆಗೆದ ಲೆಕ್ಕಗಳು. ನಮ್ಮ ಜಿಲ್ಲೆಯಲ್ಲಿ ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿ ಜಡಿಮಳೆ ಹಿಡಿದಿರುವಾಗ ಯಗಟಿಯ ಹೊಲದಲ್ಲಿ ಧೂಳೇಳುತ್ತಿರುತ್ತದೆ. ಜಿಲ್ಲೆಯ ಸರಾಸರಿ ಮಳೆಯನ್ನು ನಂಬಿ ಯಗಟಿಯ ರೈತ ಬಿತ್ತನೆ ಮಾಡುತ್ತಾನೆಯೆ? ಹಾಗೆಯೇ ಯಾವ ಮಗುವಿಗೆ, ಯಾವ ಮನೆಯಲ್ಲಿ, ಯಾವ ಹೊತ್ತಿನಲ್ಲಿ ಎಂದು ವಿಚಾರಿಸದೆ ಜಾಲತಾಣದ ಕೇಡನ್ನು ಅಳೆಯಲಾಗದು.

ಕಂಪನಿಗಳು ನಿರಪರಾಧಿಗಳೆಂದು ಇದರ ಅರ್ಥವಲ್ಲ. ಬೆರಳಾಡಿಸಿದಷ್ಟೂ ಮುಗಿಯದ ಪುಟವನ್ನು ೨೦೦೬ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಎಂಬುವರೇ ಮುಂದೆ ಅದಕ್ಕಾಗಿ ಪರಿತಪಿಸಿದ್ದಾರೆ. ಪುಸ್ತಕಕ್ಕೆ ಕೊನೆಯ ಪುಟವಿದೆ, ಬಯಲಾಟಕ್ಕೆ ಮಂಗಳವಿದೆ. ಇದಕ್ಕೆ ಎರಡೂ ಇಲ್ಲ. ೨೦೨೧ರಲ್ಲಿ ಫ್ರಾನ್ಸೆಸ್ ಹೌಗೆನ್ ಎಂಬ ಮಹಿಳೆ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಪತ್ರಗಳನ್ನು ಬಯಲಿಗಿಟ್ಟರು. ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲೊಬ್ಬಳಿಗೆ ತನ್ನ ಮೈಕಟ್ಟಿನ ಬಗೆಗಿರುವ ಕೊರಗನ್ನು ಇನ್‌ಸ್ಟಾಗ್ರಾಂ ಹೆಚ್ಚಿಸುತ್ತದೆ ಎಂದು ಆ ಕಂಪನಿಯ ಸಂಶೋಧಕರೇ ಬರೆದಿಟ್ಟಿದ್ದುದು ಆಗ ಲೋಕಕ್ಕೆ ತಿಳಿಯಿತು. ತಿಳಿದೂ ವ್ಯಾಪಾರ ನಡೆಸಿದವರನ್ನು ಏನೆಂದು ಕರೆಯಬೇಕು?

ಆದರೆ ಅಜ್ಜಂಪುರದ ಹುಡುಗಿಯನ್ನು ಕೊರಗಿಸುವುದು ಮುಂಬಯಿಯ ನಟಿಯ ಮೈಕಟ್ಟು ಅಷ್ಟಾಗಿ ಅಲ್ಲವೆಂಬುದು ನಾನು ಕಂಡದ್ದು. ನಟಿಯ ಚೆಲುವು ನಮ್ಮ ಅಜ್ಜಿಯರ ಕಾಲದಲ್ಲೂ ಕ್ಯಾಲೆಂಡರಿನಲ್ಲಿ ತೂಗುತ್ತಿತ್ತು. ಅದಕ್ಕೆ ಯಾರೂ ನಿದ್ದೆಗೆಟ್ಟಂತೆ ಕೇಳಿಲ್ಲ. ಕೊರಗಿಸುವುದು ಹತ್ತಿರದವರು: ಮೂಡಬಿದಿರೆಯಲ್ಲಿ ಓದುವ ದೊಡ್ಡಪ್ಪನ ಮಗಳು, ಹೊಸ ಸ್ಕೂಟರಿನ ಮೇಲೆ ಕುಳಿತ ಎದುರು ಮನೆಯವಳು, ತನ್ನನ್ನು ಬಿಟ್ಟು ಹುಟ್ಟುಹಬ್ಬ ಆಚರಿಸಿಕೊಂಡ ನಾಲ್ವರು ಗೆಳತಿಯರು. ಪಾಶ್ಚಾತ್ಯ ಗ್ರಂಥಕರ್ತರು ಜಾಲತಾಣವನ್ನು ಬಹುಮಟ್ಟಿಗೆ ಅಪರಿಚಿತರ ಸಂತೆ ಎಂದು ಬಗೆದು ಬರೆಯುತ್ತಾರೆ. ನಮ್ಮಲ್ಲಿ ಅದು ಊರೇ. ಬೀದಿಯವರು, ನೆಂಟರು, ಜಾತಿಯವರು, ಶಾಲೆಯವರು ಎಲ್ಲರೂ ಅಲ್ಲಿದ್ದಾರೆ.

ಊರ ಕಣ್ಣು ಹಿಂದೆಯೂ ಇತ್ತು. ಅರಳಿಕಟ್ಟೆಯಲ್ಲಿತ್ತು, ಬಾವಿಯ ಬಳಿಯಲ್ಲಿತ್ತು. ಆದರೆ ಅದಕ್ಕೊಂದು ಗಡಿ ಇತ್ತು. ರಾತ್ರಿ ಕದ ಹಾಕಿದರೆ ಅದು ಆಚೆ ಉಳಿಯುತ್ತಿತ್ತು. ತರೀಕೆರೆಯ ಹಾದಿಯೂ ಅಜ್ಜಂಪುರದ ಹಾದಿಯೂ ಕೂಡುವ ಬೀರೂರು ಜಂಕ್ಷನ್ನಿನಲ್ಲಿ ಇಳಿದರೆ, ಯಾರ ಮಗಳೆಂದು ಯಾರಿಗೂ ತಿಳಿಯದ ಒಂದು ಹುಡುಗಿಯಾಗಿ ಅರ್ಧ ಗಂಟೆ ಬದುಕಬಹುದಾಗಿತ್ತು. ಈಗ ಹಾಗಿಲ್ಲ. ಕಲ್ಹತ್ತಿಗಿರಿಯ ಜಲಪಾತದ ಮುಂದೆ ಸಹಪಾಠಿಗಳೊಡನೆ ನಿಂತು ತೆಗೆಸಿಕೊಂಡ ಚಿತ್ರ, ಬಸ್ಸು ತರೀಕೆರೆಗೆ ಇಳಿಯುವ ಮುನ್ನವೇ ಶಿವನಿಯಲ್ಲಿರುವ ಸೋದರಮಾವನ ಕೈ ಸೇರಿರುತ್ತದೆ. ಪಕ್ಕದಲ್ಲಿ ನಿಂತವನು ಯಾರು, ಯಾವ ಜನ ಎಂಬ ಪ್ರಶ್ನೆ ಅವಳಿಗಿಂತ ಮೊದಲೇ ಮನೆ ತಲುಪುತ್ತದೆ. ಕಣ್ಣು ಹಾಸಿಗೆಯವರೆಗೆ ಬಂದಿದೆ. ದಿಂಬಿನ ಕೆಳಗೆ ಇದೆ.

ಒಂದು ಸಂಗತಿ ಹೇಳುತ್ತೇನೆ. ಗುರುತು ಸಿಗಬಾರದೆಂದು ಊರನ್ನೂ ತರಗತಿಯನ್ನೂ ಮರೆಸಿದ್ದೇನೆ. ನಮ್ಮೊಡನೆ ರೈಲಿನಲ್ಲಿ ಬರುತ್ತಿದ್ದ ಚಿಕ್ಕ ಹುಡುಗಿಯೊಬ್ಬಳು ಕ್ರಮೇಣ ಮಾತು ನಿಲ್ಲಿಸಿದಳು. ಬುತ್ತಿಯನ್ನು ಬಿಚ್ಚದೆ ಹಾಗೇ ಹಿಂದಕ್ಕೆ ಒಯ್ಯುತ್ತಿದ್ದಳು. ಹೊಟ್ಟೆನೋವೆಂದಳು; ಮನೆಯವರು ದೃಷ್ಟಿ ತೆಗೆಸಿದರು, ತಾಯತ ಕಟ್ಟಿಸಿದರು. ಕಿರುಪರೀಕ್ಷೆಯಲ್ಲಿ ಅವಳು ಎರಡು ವಿಷಯಗಳಿಗೆ ಕೂರಲೇ ಇಲ್ಲ. ಬಹಳ ದಿನಗಳ ಮೇಲೆ ತಿಳಿದದ್ದು ಇಷ್ಟು: ಅವಳ ಸ್ಟೇಟಸ್ಸಿನಲ್ಲಿದ್ದ ಚಿತ್ರವನ್ನು ಯಾರೋ ತೆಗೆದು, ಅವಳು ಕಂಡರಿಯದ ಹುಡುಗನೊಬ್ಬನ ಚಿತ್ರಕ್ಕೆ ಜೋಡಿಸಿ, ಅವಳದೇ ಹೆಸರಿನ ಕಳ್ಳಖಾತೆ ತೆರೆದು ಹಾಕಿದ್ದರು. ಅದನ್ನು ಎಷ್ಟು ಮಂದಿ ನೋಡಿದರೆಂದು ಅವಳು ರಾತ್ರಿಯೆಲ್ಲ ಎದ್ದೆದ್ದು ನೋಡುತ್ತಿದ್ದಳು. ‘ಮನೇಲಿ ಹೇಳಬಾರದೇನೆ?’ ಎಂದು ಕೇಳಿದೆ. ‘ಹೇಳಿದ್ರೆ ಫೋನ್ ಹೋಗುತ್ತೆ ಅಕ್ಕಾ. ಫೋನ್ ಹೋದ್ರೆ ಕಾಲೇಜೂ ಹೋಗುತ್ತೆ. ಆಮೇಲೆ ಗಂಡು ನೋಡ್ತಾರೆ’ ಎಂದಳು.

ನಾವು ಐದಾರು ಮಂದಿ ಸೇರಿ ಆ ಖಾತೆಯ ಮೇಲೆ ದೂರು ಕೊಟ್ಟೆವು. ಒಂದು ವಾರಕ್ಕೆ ಮೇಲೆ ಹಿಡಿಯಿತು, ಕೊನೆಗೆ ಅದು ಮಾಯವಾಯಿತು. ಹುಡುಗಿ ಬುತ್ತಿ ಬಿಚ್ಚಿದಳು. ಮನೆಯವರಿಗೆ ಇಂದಿಗೂ ತಿಳಿಯದು. ತಾಯತದ ಮಹಿಮೆ ಎಂದೇ ಅವರು ನಂಬಿರಬೇಕು.

ಈ ಹುಡುಗಿಯ ಮನಸ್ಸನ್ನು ಕೆಡಿಸಿದ್ದು ಯಾವುದು? ಜಾಲತಾಣವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಆದರೆ ಚಿತ್ರದಿಂದಾದ ಗಾಯ ಗೇಣುದ್ದದ್ದಾದರೆ, ಹೇಳಿಕೊಳ್ಳಲು ಒಬ್ಬರೂ ಇಲ್ಲದ್ದರಿಂದ ಆದದ್ದು ಮಾರುದ್ದದ್ದು. ಹೇಳಿದ ಕೂಡಲೇ ಶಿಕ್ಷೆ ತನಗೇ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ನಮ್ಮ ಸೀಮೆಯಲ್ಲಿ ಹದಿಹರೆಯದ ಹೆಣ್ಣುಮಕ್ಕಳ ನಿದ್ದೆಯನ್ನೂ ಹಸಿವನ್ನೂ ತಿನ್ನುತ್ತಿರುವುದು ಈ ಗುಟ್ಟಿನ ಭಾರವೆಂದು ನನ್ನ ದೃಢವಾದ ಮತ.

ಆದ್ದರಿಂದಲೇ ‘ಹದಿನಾರರವರೆಗೆ ಜಾಲತಾಣವನ್ನೇ ನಿಷೇಧಿಸಿಬಿಡಿ’ ಎಂಬ ಪರಿಹಾರವನ್ನು ಕೇಳಿದಾಗ ನನಗೆ ಭಯವಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಅಂಥ ಶಾಸನ ೨೦೨೪ರ ನವೆಂಬರಿನಲ್ಲಿ ಅಂಗೀಕಾರವಾಗಿ ೨೦೨೫ರ ಡಿಸೆಂಬರ್ ೧೦ರಿಂದ ಜಾರಿಗೆ ಬಂದಿದೆ. ನಮ್ಮ ರಾಜ್ಯದಲ್ಲಿ ಕೂಡ ೨೦೨೩ರ ಸೆಪ್ಟೆಂಬರಿನಲ್ಲಿ ಉಚ್ಚ ನ್ಯಾಯಾಲಯದ ಪೀಠವೊಂದು ವಿಚಾರಣೆಯ ನಡುವೆ, ಶಾಲಾಮಕ್ಕಳಿಗೆ ಜಾಲತಾಣವನ್ನು ನಿಷೇಧಿಸುವುದೇ ಒಳ್ಳೆಯದೆಂಬ ಅಭಿಪ್ರಾಯವನ್ನು ಬಾಯಿಮಾತಿನಲ್ಲಿ ಸೂಚಿಸಿತು. ಹಿರಿಯರ ಕಾಳಜಿಯನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಆಸ್ಟ್ರೇಲಿಯಾದ ಶಾಸನದಲ್ಲಿ ಒಂದು ಅಂಶವನ್ನು ನಮ್ಮವರು ಗಮನಿಸಿದಂತಿಲ್ಲ. ಅಲ್ಲಿ ದಂಡ ಬೀಳುವುದು ಕಂಪನಿಯ ಮೇಲೆ, ಅದೂ ಸುಮಾರು ಐದು ಕೋಟಿ ಡಾಲರಿನವರೆಗೆ. ಮಗುವಿನ ಮೇಲಾಗಲಿ ತಂದೆತಾಯಿಗಳ ಮೇಲಾಗಲಿ ಬೀಳುವುದಿಲ್ಲ. ನಮ್ಮಲ್ಲಿ ಅಂಥ ಶಾಸನ ಬಂದರೆ ಅದನ್ನು ಜಾರಿ ಮಾಡುವ ಪೊಲೀಸು ಯಾರಾಗುತ್ತಾರೆ? ಮನೆಯ ಅಣ್ಣ, ಬೀದಿಯ ಚಿಕ್ಕಪ್ಪ. ಅವರು ಮೊದಲು ಕಸಿಯುವುದು ಯಾರ ಫೋನನ್ನು? ಹಿಂದೆ ನೆನಪಿಡಲು ಕೋರಿದ ಅಂಕೆ ಇಲ್ಲಿ ಕೆಲಸಕ್ಕೆ ಬರುತ್ತದೆ. ೩೬ಕ್ಕೆ ೨೭ ಎಂಬುದು ೩೬ಕ್ಕೆ ೧೦ ಆದೀತು, ಅಷ್ಟೆ. ಹುಡುಗ ಅಡಕೆ ತೋಟದ ಬದುವಿನ ಮೇಲೆ ಕುಳಿತು ನೋಡಿಯೇ ನೋಡುತ್ತಾನೆ.

ಫೋನು ಕಸಿದರೆ ಹೋಗುವುದು ಬರಿಯ ರೀಲ್ಸ್ ಅಲ್ಲ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಪಿ.ಯು. ಆದ ಮೇಲೆ ಏನು, ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದು, ಹಾಸ್ಟೆಲಿಗೆ ಯಾವ ಪತ್ರ ಬೇಕು ಎಂದು ಹೇಳುವವರು ಮನೆಯಲ್ಲಿ ಯಾರಿದ್ದರು? ಇವೆಲ್ಲ ನನಗೆ ತಿಳಿದದ್ದು ಹಿರಿಯ ವಿದ್ಯಾರ್ಥಿನಿಯರು ನಡೆಸುವ ಒಂದು ವಾಟ್ಸಾಪ್ ಗುಂಪಿನಿಂದ. ಓದಿದ ಅಣ್ಣ ಅಕ್ಕಂದಿರಿರುವ ಮನೆಯವರಿಗೆ ಈ ಕಷ್ಟ ಅರ್ಥವಾಗುವುದು ಸ್ವಲ್ಪ ತಡವೇ.

ಮತ್ತೊಂದು ಪ್ರಶ್ನೆ. ‘ಫೋನು ಬಿಟ್ಟು ಹೊರಗೆ ಬನ್ನಿ’ ಎನ್ನುವವರು ಹೊರಗೆ ಎಲ್ಲಿಗೆ ಎಂದು ಹೇಳಬೇಕು. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳು ಕೈಯಲ್ಲಿ ಕಾಸಿಲ್ಲದೆಯೂ ಸರ್ಕಾರಿ ಬಸ್ಸು ಹತ್ತಬಲ್ಲರು; ಅದೊಂದು ದೊಡ್ಡ ಉಪಕಾರ. ಆದರೆ ಇಳಿದ ಮೇಲೆ? ಹದಿನಾರು ವರ್ಷದ ಹುಡುಗಿ ಸಂಜೆ ಐದರ ಮೇಲೆ ಗೆಳತಿಯೊಡನೆ ಕುಳಿತು, ಯಾರಿಗೂ ಲೆಕ್ಕ ಕೊಡದೆ ಅರ್ಧ ಗಂಟೆ ಮಾತಾಡಬಹುದಾದ ಒಂದು ಜಾಗವನ್ನು ಕಡೂರಿನಲ್ಲಾಗಲಿ ತರೀಕೆರೆಯಲ್ಲಾಗಲಿ ಅಜ್ಜಂಪುರದಲ್ಲಾಗಲಿ ತೋರಿಸಿಕೊಡಿ. ಆಟದ ಮೈದಾನ ಹುಡುಗರದು. ಹೋಟೆಲು ಗಂಡಸರದು. ದೇವಸ್ಥಾನದಲ್ಲಿ ಎಷ್ಟು ಹೊತ್ತು ಕೂರಲಾದೀತು? ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟರೆ ಮೂರನೆಯದಕ್ಕೆ ಯಾರಾದರೂ ‘ಯಾಕಮ್ಮ, ಯಾರಿಗೆ ಕಾಯ್ತಿದೀಯ?’ ಎಂದು ಕೇಳಿಯೇ ಕೇಳುತ್ತಾರೆ. ಫೋನು ಅವಳ ಜಗಲಿ. ಆ ಜಗಲಿಯಲ್ಲಿ ಹಾವಿದೆ ಎನ್ನುವುದು ನಿಜ. ಹಾವನ್ನು ಓಡಿಸದೆ ಜಗಲಿಯನ್ನೇ ಕೆಡವುವುದು ಯಾವ ನ್ಯಾಯ?

ಹುಡುಗರ ವಿಷಯವನ್ನು ಅವರೇ ಬರೆದರೆ ಚೆನ್ನ. ನನಗೆ ಕಂಡಷ್ಟು ಹೇಳುತ್ತೇನೆ. ಅಂತರಘಟ್ಟೆಯ ಜಾತ್ರೆಗೆ ಸಿಂಗರಿಸಿದ ಎತ್ತಿನ ಗಾಡಿಗಳು ಓಡುವಾಗ ಗಾಡಿಗೆ ಜೋತುಬಿದ್ದು ಚಿತ್ರ ತೆಗೆಯುವ ಸಾಹಸವನ್ನು ಎಲ್ಲರೂ ಬೈಯುತ್ತಾರೆ. ಅದೇ ಹುಡುಗ ರಾತ್ರಿ ಹನ್ನೊಂದಕ್ಕೆ ಒಂದು ಶೋಕಗೀತೆಯನ್ನು ಸ್ಟೇಟಸ್ಸಿಗೆ ಹಾಕುವುದನ್ನು ಯಾರೂ ಗಮನಿಸುವುದಿಲ್ಲ. ಗಮನಿಸುವಂತೆಯೂ ಇಲ್ಲ, ಮನೆಯವರನ್ನು ಬಿಟ್ಟು ಉಳಿದವರಿಗೆಲ್ಲ ಕಾಣುವಂತೆ ಹಾಕುವ ಏರ್ಪಾಡು ವಾಟ್ಸಾಪಿನಲ್ಲೇ ಇದೆ. ಗಂಡಸು ಅಳಬಾರದೆಂದು ಕಲಿಸಿದ ಮನೆಯಿಂದ ಮುಚ್ಚಿಟ್ಟು, ಇನ್ನೂರು ಮಂದಿಯ ಮುಂದೆ ಅವನು ಅಳುತ್ತಿದ್ದಾನೆ. ಅವರು ಅದಕ್ಕೆ ಒಂದು ಹೃದಯದ ಚಿಹ್ನೆ ಒತ್ತಿ ಮುಂದೆ ಹೋಗುತ್ತಾರೆ. ಗೆಳೆಯರೇ, ಅಂಥ ಸ್ಟೇಟಸ್ ಮೂರು ದಿನ ಒಂದೇ ಸಮನೆ ಬಂದರೆ ಚಿಹ್ನೆ ಒತ್ತಬೇಡಿ, ಅವನ ಮನೆಗೆ ಹೋಗಿ.

ಮನಸ್ಸಿನ ನೋವಿಗೆ ಫೋನೇ ಮೂಲವೆಂದು ನಂಬುವವರಿಗೆ ಇನ್ನೊಂದು ಅಂಕೆ. ನಿಮ್ಹಾನ್ಸ್ ಸಂಸ್ಥೆ ೨೦೧೫–೧೬ರಲ್ಲಿ ದೇಶದ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಹದಿಮೂರರಿಂದ ಹದಿನೇಳರ ವಯಸ್ಸಿನವರಲ್ಲಿ ನೂರಕ್ಕೆ ೭.೩ ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು. ಅಗ್ಗದ ಇಂಟರ್‌ನೆಟ್ಟು ಹಳ್ಳಿಗಳಿಗೆ ಬರುವ ಮೊದಲಿನ ಮಾತಿದು. ನೋವು ಆಗಲೇ ಇತ್ತು. ಹೇಳಿಕೊಳ್ಳುವ ಬಾಯಿ ಆಗಲೂ ಇರಲಿಲ್ಲ. ತ್ರಿವೇಣಿಯವರ ‘ಶರಪಂಜರ’ವನ್ನು ಓದಿದವರಿಗೆ, ಅಥವಾ ಪುಟ್ಟಣ್ಣ ಕಣಗಾಲರು ೧೯೭೧ರಲ್ಲಿ ಅದರಿಂದ ಮಾಡಿದ ಚಲನಚಿತ್ರವನ್ನು ಕಂಡವರಿಗೆ ನಾನು ಹೇಳುವುದು ಹೊಸದಲ್ಲ. ಕಾವೇರಿ ಗುಣಹೊಂದಿ ಮನೆಗೆ ಬರುತ್ತಾಳೆ. ಅವಳನ್ನು ಮತ್ತೆ ಕೆಡವುವುದು ಕಾಯಿಲೆಯಲ್ಲ, ಸುತ್ತಲಿನವರ ನೋಟ. ಆ ಕಾದಂಬರಿಯ ಕಾಲದಲ್ಲಿ ಇನ್‌ಸ್ಟಾಗ್ರಾಂ ಇರಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆಗಳನ್ನು ಸೂಚಿಸುವ ಯೋಗ್ಯತೆ ನನಗಿಲ್ಲ. ಜಾಲತಾಣದ ಅತಿಬಳಕೆಗೆ ಚಿಕಿತ್ಸೆ ನೀಡುವ ‘ಷಟ್’ ಎಂಬ ಕ್ಲಿನಿಕ್ಕನ್ನು ನಿಮ್ಹಾನ್ಸಿನವರು ೨೦೧೪ರಲ್ಲೇ ತೆರೆದಿದ್ದಾರೆ; ಕಡೂರಿನಿಂದ ಬೆಂಗಳೂರಿಗೆ ನೇರ ರೈಲಿದೆ. ಆದರೆ ಮಗಳನ್ನು ಅಲ್ಲಿಗೆ ಕರೆದೊಯ್ದ ಸುದ್ದಿ ರೈಲಿಗಿಂತ ಮುಂಚೆ ಊರಿಗೆ ಬರುತ್ತದೆಂಬ ಭಯವಿರುವವರೆಗೆ ಎಷ್ಟು ಮಂದಿ ಹೋದಾರು? ಮನೆಯಲ್ಲಿ ಆಗಬೇಕಾದದ್ದು ಒಂದೇ ಮಾತು: ‘ಏನಾದರೂ ಆದರೆ ನನಗೆ ಹೇಳವ್ವ, ಫೋನೂ ಕಸಿಯೋದಿಲ್ಲ, ಕಾಲೇಜೂ ಬಿಡಿಸೋದಿಲ್ಲ.’ ಈ ಮಾತನ್ನು ತಂದೆಯೇ ಹೇಳಬೇಕು. ತಾಯಿ ಹೇಳಿದರೆ ಮಗಳು ನಂಬುವುದಿಲ್ಲ, ಬಿಡಿಸುವ ಅಧಿಕಾರ ತಾಯಿಯದಲ್ಲವೆಂದು ಅವಳಿಗೆ ಗೊತ್ತು. ಇಂಥ ಲೇಖನ ಓದುವ ತಂದೆಗಳು ನಮ್ಮಲ್ಲಿ ಕಡಮೆ. ಪೋಷಕರ ಸಭೆಯಲ್ಲಿ ಅಂಕಗಳನ್ನೂ ಹಾಜರಾತಿಯನ್ನೂ ಓದುವ ಅಧ್ಯಾಪಕರು ಇದನ್ನೂ ಅವರ ಕಿವಿಗೆ ಹಾಕಬೇಕು.

ಕಾಲೇಜಿನಿಂದ ಕೇಳುವುದು ಎರಡು. ಗ್ರಂಥಾಲಯದ ಒಂದು ಕೋಣೆಯನ್ನು, ಅಜ್ಜಂಪುರ ಮತ್ತು ತರೀಕೆರೆಯ ಕಡೆಯ ವಿದ್ಯಾರ್ಥಿನಿಯರು ಹೊರಡುವ ಹೊತ್ತಿನವರೆಗೆ ತೆರೆದಿಡಬೇಕು. ಅಲ್ಲಿ ಮಾತಾಡಲು ಅಪ್ಪಣೆ ಇರಬೇಕು. ಎರಡನೆಯದಕ್ಕೆ ಖರ್ಚೇ ಇಲ್ಲ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಗೆ ಹಗಲಾಗಲಿ ರಾತ್ರಿಯಾಗಲಿ ಹಣವಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅದರ ಸಂಖ್ಯೆ ೧೪೪೧೬. ಅದನ್ನು ಮಹಿಳಾ ವಿಶ್ರಾಂತಿ ಕೊಠಡಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಬೇಕು. ಸೂಚನಾ ಫಲಕದ ಮೇಲೆ ಬೇಡ. ಬಾಗಿಲಿನ ಒಳಮೈಗೆ ಅಂಟಿಸಬೇಕು, ನಿಂತು ಬರೆದುಕೊಳ್ಳುವವಳನ್ನು ಯಾರೂ ನೋಡದ ಹಾಗೆ.